ಕನ್ನಡ ಸಬ್‌ಟೈಟಲ್ ಹಾಕಿದ ಅನಿಮೆಯನ್ನು ಮಾರಬಹುದೇ? ಬಲ್ಲವರು ಅನುಭವ ಹೇಳಿ

ಪ್ರಶ್ನೆ: ಡೊಂಬಿವಲಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳತಿಯರು ಬಿಡುವಿನ ವೇಳೆಯಲ್ಲಿ ಜಪಾನಿನ ಅನಿಮೆಗಳಿಗೆ, ಅಂದರೆ ಅಲ್ಲಿಯ ಕಾರ್ಟೂನ್ ಸರಣಿಗಳಿಗೆ, ಕನ್ನಡ ಸಬ್‌ಟೈಟಲ್ ಬರೆಯುತ್ತೇವೆ. ಹೆಚ್ಚಿನದು ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಮಾಡಿದ್ದು. ನಮ್ಮಲ್ಲಿ ಒಬ್ಬಳಿಗೆ ಮಾತ್ರ ಜಪಾನಿ ಬರುತ್ತದೆ. ಇಷ್ಟು ದಿನ ಪರಿಚಯದವರಿಗೆ ಪುಕ್ಕಟೆಯಾಗಿ ಕೊಟ್ಟಿದ್ದೇವೆ. ಈಗ ಪುಣೆಯ ಕಾಮಿಕ್ಸ್ ಮೇಳದಲ್ಲಿ ಮಳಿಗೆ ಹಿಡಿದಿರುವವರೊಬ್ಬರು, ‘ಒಳ್ಳೆಯ ಸರಣಿಗಳನ್ನು ಆರಿಸಿ ಪೆನ್‌ಡ್ರೈವ್‌ಗೆ ತುಂಬಿಸಿ ಕೊಡಿ, ಒಂದಕ್ಕೆ 500 ರೂಪಾಯಿಯಂತೆ ಮಾರೋಣ, ಲಾಭದಲ್ಲಿ ಅರ್ಧ ನಿಮ್ಮದು’ ಎನ್ನುತ್ತಿದ್ದಾರೆ. ನಮ್ಮಲ್ಲಿ ಇಬ್ಬರಿಗೆ ಒಪ್ಪಿಗೆ, ಇಬ್ಬರಿಗೆ ಅಳುಕು. ಹಿಂದಿ, ತಮಿಳು, ತೆಲುಗಿಗೆ ಕಂಪನಿಗಳೇ ಡಬ್ ಮಾಡಿಸುತ್ತವೆ, ಕನ್ನಡದ ಕಡೆ ತಿರುಗಿ ನೋಡುವವರು ಕಡಿಮೆ. ನಿದ್ದೆಗೆಟ್ಟು ದುಡಿದದ್ದಕ್ಕೆ ನಾಲ್ಕು ಕಾಸು ಪಡೆದರೆ ತಪ್ಪೇ? ಕಾನೂನಿನ ಮಾತೂ ಬೇಕು, ಅದನ್ನು ಬದಿಗಿಟ್ಟು ನಿಮಗೇನು ಅನ್ನಿಸುತ್ತದೆ ಎಂಬುದೂ ಬೇಕು.

ಗ್ರಾಂಟ್ ರೋಡಿನ ಹೋಟೆಲಿನವರು

ತಂಗೀ, ಕಾನೂನನ್ನು ಓದಿದವರು ಹೇಳಲಿ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಲ್ಯಾಮಿಂಗ್ಟನ್ ರಸ್ತೆಯ ಹತ್ತಿರ ನಮ್ಮ ಚಿಕ್ಕಪ್ಪನ ಹೋಟೆಲ್ ಇತ್ತು. ಸಿಡಿಗಳ ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರೆ ಎದುರಿನ ಪಾದಚಾರಿ ಮಾರ್ಗದ ವ್ಯಾಪಾರವೆಲ್ಲ ಕಾಣುತ್ತಿತ್ತು. ಎರಡು ಡಬ್ಬಗಳ ಮೇಲೆ ಒಂದು ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಸಿಡಿಗಳು, ಒಳಗೆ ಮಬ್ಬು ಜೆರಾಕ್ಸಿನ ಚಿತ್ರ. ಅದರಲ್ಲಿ ಜಪಾನಿ ಕಾರ್ಟೂನ್ ಕೂಡ ಇರುತ್ತಿತ್ತು. ನನ್ನ ದೊಡ್ಡಪ್ಪನ ಮಗ ಒಂದನ್ನು ಕೊಂಡು ತಂದ. ಹಾಕಿ ನೋಡಿದರೆ ಕಥೆ ಶುರುವಾಗುವ ಮುಂಚೆಯೇ ಹಳದಿ ಅಕ್ಷರದ ಇಂಗ್ಲಿಷ್ ಸಾಲು: ಇದು ಅಭಿಮಾನಿಗಳು ಅಭಿಮಾನಿಗಳಿಗಾಗಿ ಮಾಡಿದ್ದು, ಮಾರಾಟಕ್ಕಲ್ಲ, ಬಾಡಿಗೆಗೂ ಅಲ್ಲ. ದುಡ್ಡು ಕೊಟ್ಟು ತಂದವನ ಟಿವಿಯಲ್ಲಿ ಆ ಸಾಲು ನಿಧಾನವಾಗಿ ಮೇಲೇರಿ ಹೋಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಹಲಗೆಯ ಮುಂದೆ ಕೂರುತ್ತಿದ್ದ ಹುಡುಗ ದಿನಗೂಲಿಯವನು. ಮಾಲು ತಂದು ಹಾಕುವವನು ಸ್ಕೂಟರಿನಲ್ಲಿ ಬಂದು ನಮ್ಮಲ್ಲೇ ಚಹಾ ಕುಡಿದು ಹೋಗುತ್ತಿದ್ದ. ಪೊಲೀಸರು ದಾಳಿ ಮಾಡಿದ ದಿನ ಸಿಡಿಗಳು ಗೋಣಿಚೀಲದಲ್ಲಿ ಜೀಪು ಹತ್ತಿದವು, ಹುಡುಗನೂ ಹತ್ತಿದ. ಸ್ಕೂಟರಿನವನು ಮರುವಾರ ಅದೇ ಮೇಜಿನಲ್ಲಿ ಚಹಾ ಕುಡಿದ. ನಿಮ್ಮ ಮಳಿಗೆಯವರು ಹಾಗೆಂದು ನಾನು ಹೇಳುತ್ತಿಲ್ಲ. ಆದರೆ ಸಬ್‌ಟೈಟಲ್‌ನ ಕೊನೆಯಲ್ಲಿ ಅನುವಾದಕರ ಹೆಸರು ಹಾಕುವ ಚಪಲ ನಿಮಗೂ ಇರುತ್ತದಲ್ಲವೇ? ಪೆನ್‌ಡ್ರೈವ್‌ನಲ್ಲಿ ಮಾರುವವರ ಹೆಸರಿರುವುದಿಲ್ಲ, ನಿಮ್ಮದು ಇರುತ್ತದೆ.

ಠಾಣೆಯ ವಕೀಲರು

ಅನಿಮೆಯ ಒಂದು ಕಂತಿನಲ್ಲಿ ಇರುವುದು ಒಂದೇ ಹಕ್ಕಲ್ಲ. ಚಿತ್ರದ ಹಕ್ಕು ನಿರ್ಮಾಪಕರದು. ಅದರ ಪ್ರತಿ ಮಾಡುವುದು, ಮಾರುವುದು, ಬಾಡಿಗೆಗೆ ಕೊಡುವುದು, ಸಾರ್ವಜನಿಕರಿಗೆ ತಲುಪಿಸುವುದು, ಇಷ್ಟೂ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 14ರ ಪ್ರಕಾರ ಅವರಿಗೇ ಮೀಸಲು. ಬರೆದ ಸಂಭಾಷಣೆ ಬೇರೆಯೇ ಕೃತಿ. ಅದನ್ನು ಅನುವಾದಿಸುವ ಹಕ್ಕನ್ನೂ ಅದೇ ಸೆಕ್ಷನ್ ಸ್ಪಷ್ಟವಾಗಿ ಹೇಳಿ ಮೂಲದವರಿಗೆ ಕೊಟ್ಟಿದೆ. ನೀವು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರೆ ನಡುವೆ ಮೂರನೆಯವರೂ ಇದ್ದಾರೆ: ಆ ಇಂಗ್ಲಿಷ್ ಅನುವಾದದ ಹಕ್ಕುದಾರರು. ಅಂದರೆ ಒಂದು ಪೆನ್‌ಡ್ರೈವ್‌ಗೆ ಮೂರು ಬಾಗಿಲಲ್ಲಿ ಅನುಮತಿ ಕೇಳಬೇಕು.

ಜಪಾನಿನವರ ಹಕ್ಕಿಗೆ ಇಲ್ಲೇನು ಬೆಲೆ ಎಂದು ಹಲವರು ಕೇಳುತ್ತಾರೆ. ಒಂದು ದೇಶದ ಕೃತಿಯ ಹಕ್ಕನ್ನು ಇನ್ನೊಂದು ದೇಶವೂ ಕಾಯಬೇಕೆನ್ನುವ ಬರ್ನ್ ಒಪ್ಪಂದದಲ್ಲಿ ಜಪಾನ್ 1899ರಿಂದ, ಭಾರತ 1928ರಿಂದ ಇವೆ. ಅಲ್ಲಿಯ ಕೃತಿಗೆ ಇಲ್ಲಿಯ ಕೃತಿಗಿರುವಷ್ಟೇ ರಕ್ಷಣೆ.

ಶಿಕ್ಷೆಯ ವಿಚಾರ. ಸೆಕ್ಷನ್ 63ರಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ. ಜೊತೆಗೆ 50,000 ರೂಪಾಯಿಗೆ ಕಡಿಮೆಯಿಲ್ಲದ, 2 ಲಕ್ಷದವರೆಗಿನ ದಂಡ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಸೆಕ್ಷನ್ 64ರಂತೆ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ಪ್ರತಿಗಳನ್ನೂ ಅವನ್ನು ತಯಾರಿಸಲು ಬಳಸಿದ ಸಾಧನಗಳನ್ನೂ ಜಪ್ತಿ ಮಾಡಬಹುದು. ಸಾಧನ ಎಂದರೆ ನಿಮ್ಮ ಮನೆಯ ಲ್ಯಾಪ್‌ಟಾಪ್. ಕೃತ್ಯವು ವ್ಯಾಪಾರದ ಲಾಭಕ್ಕಾಗಿ ನಡೆದದ್ದಲ್ಲ ಎಂದಾದರೆ ನ್ಯಾಯಾಲಯ ಕಾರಣ ಬರೆದು ಈ ಕನಿಷ್ಠ ಶಿಕ್ಷೆಗಿಂತ ಕಡಿಮೆ ಕೊಡಬಹುದು. ನಿಮ್ಮ ಈಗಿನ ಸ್ಥಿತಿಗೂ 500 ರೂಪಾಯಿ ಪಡೆದ ಮೇಲಿನ ಸ್ಥಿತಿಗೂ ಇರುವ ಅಂತರ ಇದೇ. ಉಚಿತವಾಗಿ ಹಂಚಿದರೆ ಅಪರಾಧವಲ್ಲ ಎಂದು ತಿಳಿಯಬೇಡಿ. ಆಗ ರಿಯಾಯಿತಿ ಕೇಳಲು ಒಂದು ಆಧಾರವಿರುತ್ತದೆ, ಮಾರಿದ ಮೇಲೆ ಅದೂ ಇರುವುದಿಲ್ಲ.

ಮಹಾರಾಷ್ಟ್ರದ ಕನ್ನಡಿಗರಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿ. ಕೊಳೆಗೇರಿ ದಾದಾಗಳನ್ನೂ ಕಳ್ಳಭಟ್ಟಿಯವರನ್ನೂ ಮುಂಜಾಗ್ರತೆಯಾಗಿ ಬಂಧಿಸಿಡಲು ಈ ರಾಜ್ಯ 1981ರಲ್ಲಿ ಒಂದು ಕಾಯ್ದೆ ಮಾಡಿತ್ತು. ಆ ಪಟ್ಟಿಗೆ 2009ರಲ್ಲಿ ‘ವಿಡಿಯೊ ಕಳ್ಳ’ರನ್ನೂ ಸೇರಿಸಿದರು. ನಾಲ್ವರು ಕಾಲೇಜು ಹುಡುಗಿಯರ ಮೇಲೆ ಅದನ್ನು ಹೇರುತ್ತಾರೆಂದು ಹೆದರಿಸುತ್ತಿಲ್ಲ. ಇಲ್ಲಿಯ ಸರ್ಕಾರ ಈ ವ್ಯಾಪಾರವನ್ನು ಯಾರ ಸಾಲಿನಲ್ಲಿ ಕೂರಿಸಿದೆ ಎಂಬುದು ತಿಳಿದಿರಲಿ.

‘ವಿಡಿಯೊ ಕೊಡುವುದಿಲ್ಲ, ಸಬ್‌ಟೈಟಲ್ ಕಡತವನ್ನಷ್ಟೇ ಮಾರುತ್ತೇವೆ’ ಎಂಬ ಉಪಾಯ ನಿಮಗೂ ಹೊಳೆದೀತು. ಸ್ವೀಡನ್ನಿನಲ್ಲಿ ಬರೀ ಸಬ್‌ಟೈಟಲ್ ಹಂಚುತ್ತಿದ್ದ ತಾಣದ ಸರ್ವರ್‌ಗಳನ್ನು 2013ರಲ್ಲಿ ಪೊಲೀಸರು ಹೊತ್ತೊಯ್ದರು. 2017ರಲ್ಲಿ ಅದನ್ನು ನಡೆಸುತ್ತಿದ್ದವರು ತಪ್ಪಿತಸ್ಥರೆಂದು ತೀರ್ಪಾಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯವೂ ಅನುಮತಿಯಿಲ್ಲದ ಸಬ್‌ಟೈಟಲ್ ಹಂಚಿಕೆ ಸಲ್ಲದು ಎಂದಿತು. ಅವು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪುಗಳಲ್ಲ, ನಿಜ. ಆದರೆ ಅನುವಾದದ ಹಕ್ಕು ಮೂಲದವರದು ಎಂಬ ತರ್ಕ ನಮ್ಮ ಕಾಯ್ದೆಯಲ್ಲೂ ಅದೇ.

ಪಿಂಪ್ರಿಯ ಎಂಜಿನಿಯರ್

ಎಲ್ಲರೂ ಸೇರಿ ಈ ಹುಡುಗಿಯರನ್ನು ಕಳ್ಳರ ಪಟ್ಟಿಗೆ ಸೇರಿಸುವ ಮುಂಚೆ ಒಂದೆರಡು ಮಾತು. ಇವತ್ತು ನಾವೆಲ್ಲ ಚಂದಾ ಕಟ್ಟಿ ಅನಿಮೆ ನೋಡುವ ಕ್ರಂಚಿರೋಲ್ ತಾಣ 2006ರಲ್ಲಿ ಶುರುವಾದಾಗ ಅದರಲ್ಲಿ ತುಂಬಿದ್ದು ಬಳಕೆದಾರರು ಏರಿಸಿದ, ಅಭಿಮಾನಿಗಳು ಸಬ್‌ಟೈಟಲ್ ಹಾಕಿದ ಕಂತುಗಳೇ. 2009ರಲ್ಲಿ ಜಪಾನಿನ ವಾಹಿನಿ ಟಿವಿ ಟೋಕಿಯೊ ಜೊತೆ ಒಪ್ಪಂದವಾದ ಮೇಲೆ ಅದು ಸಭ್ಯವಾಯಿತು. 2021ರಲ್ಲಿ ಸೋನಿ ಅದನ್ನು ನೂರು ಕೋಟಿ ಡಾಲರಿಗೂ ಮೀರಿದ ಬೆಲೆ ಕೊಟ್ಟು ಕೊಂಡಿತು. ದೊಡ್ಡವರು ಮಾಡಿದರೆ ಉದ್ಯಮ, ಡೊಂಬಿವಲಿಯವರು ಮಾಡಿದರೆ ಅಪರಾಧ! ಇನ್ನು ಜಪಾನಿನಲ್ಲೇ 1975ರಿಂದ ಕಾಮಿಕೆಟ್ ಎಂಬ ಮೇಳ ನಡೆಯುತ್ತಿದೆ. ಅಭಿಮಾನಿಗಳು ತಮ್ಮ ಪುಸ್ತಕಗಳನ್ನು ರಾಜಾರೋಷವಾಗಿ ಮಾರುತ್ತಾರೆ. ಕನ್ನಡದ ಕಥೆ ಇನ್ನೂ ಬೇರೆ. ದಶಕಗಳ ಕಾಲ ಡಬ್ಬಿಂಗ್ ಕಾಲಿಡದಂತೆ ತಡೆದವರು ನಮ್ಮ ಚಿತ್ರರಂಗದವರೇ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕುವವರೆಗೂ ಅದು ಸಡಿಲಲಿಲ್ಲ. ಆ ಹಸಿವನ್ನು ಈ ಮಕ್ಕಳು ತಮ್ಮ ಕೈಲಾದಷ್ಟು ತಣಿಸುತ್ತಿದ್ದಾರೆ. ಮಾರುವುದು ಬೇಡ ಎಂದರೆ ಒಪ್ಪುತ್ತೇನೆ, ಕೀಳಾಗಿ ನೋಡುವುದು ಬೇಡ.

ಅಂಧೇರಿಯಲ್ಲಿ ಸಬ್‌ಟೈಟಲ್ ತಿದ್ದುವವಳು

ಪಿಂಪ್ರಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ, ಉದಾಹರಣೆಗಳು ಒಪ್ಪಿಗೆಯಾಗುವುದಿಲ್ಲ. ಕಾಮಿಕೆಟ್‌ನಲ್ಲಿ ಮಾರುವುದರಲ್ಲಿ ಬಹುಪಾಲು ಅಭಿಮಾನಿಗಳು ತಾವೇ ಬರೆದು, ತಾವೇ ಚಿತ್ರಿಸಿ, ಸಣ್ಣ ಸಂಖ್ಯೆಯಲ್ಲಿ ಅಚ್ಚು ಹಾಕಿಸಿದ್ದು. ಪಾತ್ರ ಇನ್ನೊಬ್ಬರದು, ಗೆರೆ ತಮ್ಮದು. ಅದನ್ನೂ ಹಕ್ಕುದಾರರು ಸಹಿಸಿಕೊಂಡಿದ್ದಾರೆ, ಅಷ್ಟೇ. ಜಪಾನ್ 2018ರ ಕೊನೆಯಲ್ಲಿ ಕಾನೂನು ಬಿಗಿ ಮಾಡಿ, ಲಾಭಕ್ಕಾಗಿ ಮೂಲವನ್ನೇ ನಕಲು ಮಾಡಿ ಮಾರುವವರ ಮೇಲೆ ದೂರಿಲ್ಲದೆಯೂ ಮೊಕದ್ದಮೆ ಹೂಡಬಹುದು ಎಂದಿತು. ಇಂಥ ಅಭಿಮಾನಿ ಪುಸ್ತಕಗಳನ್ನು ಅದರ ಹೊರಗಿಟ್ಟಿತು. ನಿಮ್ಮ ಪೆನ್‌ಡ್ರೈವ್ ಯಾವ ಕಡೆ ಬೀಳುತ್ತದೆ, ನೀವೇ ನೋಡಿ.

ಕನ್ನಡ ಸಬ್‌ಟೈಟಲ್ ತಿದ್ದುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ನಿಮ್ಮ ಶ್ರಮ ಎಷ್ಟೆಂದು ಗೊತ್ತು. ಇಪ್ಪತ್ತಮೂರು ನಿಮಿಷದ ಕಂತಿನಲ್ಲಿ ಮುನ್ನೂರು ಮಾತು ದಾಟುವುದು ಸಾಮಾನ್ಯ. ಪರದೆಯಲ್ಲಿ ಎರಡು ಸಾಲು ಮೀರುವಂತಿಲ್ಲ. ಪಾತ್ರ ಬಾಯಿ ಮುಚ್ಚುವಷ್ಟರಲ್ಲಿ ಓದಿ ಮುಗಿಯಬೇಕು. ಕನ್ನಡಕ್ಕೆ ಮೇಲಿನ ಕಾಟ ಬೇರೆ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಕೆಲವು ಪ್ಲೇಯರ್‌ಗಳಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ, ‘ಅಮ್ಮ’ ಎಂದು ಬರೆದದ್ದು ಓದಲಾಗದಂತೆ ಒಡೆದುಹೋಗಿರುತ್ತದೆ. ಇಷ್ಟೆಲ್ಲ ಮಾಡಿದವರಿಗೆ ಕೂಲಿ ಸಿಗಬೇಕೆನ್ನುವುದು ನ್ಯಾಯವೇ. ಆದರೆ ಯಾರಿಂದ? ಮೇಳದಲ್ಲಿ 500 ಕೊಡುವವರು ಕೊಡುವುದು ನಿಮ್ಮ ಸಾಲುಗಳಿಗಲ್ಲ, ಅವುಗಳ ಹಿಂದೆ ಓಡುವ ಚಿತ್ರಕ್ಕೆ. ಅನುಮಾನವಿದ್ದರೆ ಸಾಲುಗಳನ್ನಷ್ಟೇ ಅಚ್ಚು ಹಾಕಿಸಿ ಮಾರಾಟಕ್ಕಿಟ್ಟು ನೋಡಿ. ಚಿತ್ರ ಬಿಡಿಸಿದವರಿಗೆ ಅದರಲ್ಲಿ ಬಿಡಿಗಾಸೂ ಹೋಗುವುದಿಲ್ಲ. ನೀವು ಎದುರಿಗಿಟ್ಟುಕೊಂಡ ಇಂಗ್ಲಿಷ್ ಸಾಲುಗಳನ್ನು ಬರೆದದ್ದು ನನ್ನಂತೆಯೇ ನಿಮಿಷದ ಲೆಕ್ಕದಲ್ಲಿ ಕೂಲಿ ಪಡೆಯುವ ಯಾರೋ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದರೆ ಇದೇ.

ಕನ್ನಡಕ್ಕೆ ಇದರಿಂದ ಉಪಕಾರವಾಗುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಯಾವ ಭಾಷೆಗೆ ಎಷ್ಟು ಹಣ ಹಾಕಬೇಕು ಎಂದು ಕಂಪನಿಯಲ್ಲಿ ಕೂತು ಲೆಕ್ಕ ಹಾಕುವವರಿಗೆ ನಿಮ್ಮ ಪೆನ್‌ಡ್ರೈವ್ ಕೊಂಡವರು ಕಾಣುವುದೇ ಇಲ್ಲ. 2022ರಲ್ಲಿ ಕ್ರಂಚಿರೋಲ್ ಇಲ್ಲಿಯ ಚಂದಾವನ್ನು ತಿಂಗಳಿಗೆ 79 ರೂಪಾಯಿಗೆ ಇಳಿಸಿತ್ತು. ಅಷ್ಟು ಕಟ್ಟಿ ‘ಕನ್ನಡ ಕೊಡಿ’ ಎಂದು ಬರೆದವರು ಒಂದು ಸಂಖ್ಯೆಯಾಗಿಯಾದರೂ ಅವರ ಕಣ್ಣಿಗೆ ಬೀಳುತ್ತಾರೆ.

ಕೆಲಸ ಹುಡುಕುವ ಮನಸ್ಸಿದ್ದರೆ ಬನ್ನಿ, ಅಂಧೇರಿಯಲ್ಲಿ ಡಬ್ಬಿಂಗ್ ಮತ್ತು ಸಬ್‌ಟೈಟಲ್ ಸ್ಟುಡಿಯೊಗಳಿಗೆ ಬರವಿಲ್ಲ. ಕನ್ನಡವನ್ನು ತಪ್ಪಿಲ್ಲದೆ ಬರೆಯುವವರಿಗೆ ಬರವಿದೆ. ಮಾದರಿ ಕೇಳಿದಾಗ ಮೇಳದಲ್ಲಿ ಮಾರಿದ ಸರಣಿಯನ್ನು ಮಾತ್ರ ತೋರಿಸಬೇಡಿ. ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿಸಿಕೊಂಡು ಬಿಡುಗಡೆಯಾಗದ ಕಂತುಗಳನ್ನು ಕೈಗಿಡುವವರು ಅಂಥವರನ್ನು ಒಳಗೆ ಬಿಡುವುದಿಲ್ಲ. ಗೆಳೆಯರ ಕಿರುಚಿತ್ರವೊಂದಕ್ಕೆ ಅವರ ಒಪ್ಪಿಗೆ ಪಡೆದು ಸಬ್‌ಟೈಟಲ್ ಹಾಕಿ ಒಯ್ಯಿರಿ.

ವಾಸ್ಕೊದ ಕನ್ನಡಿಗ

ಅನುಮತಿ ಕೇಳಿದರೆ ಏನಾಗುತ್ತದೆ ಎಂದು ತಿಳಿಯಬೇಕೆ? ನಾನು ಒಂದು ಕಂಪನಿಗೆ ಬರೆದಿದ್ದೆ, ಕನ್ನಡ ಸಬ್‌ಟೈಟಲ್ ಉಚಿತವಾಗಿ ಮಾಡಿಕೊಡುತ್ತೇನೆ, ನೀವೇ ಹಾಕಿಕೊಳ್ಳಿ ಎಂದು. ‘ನಿಮ್ಮ ಆಸಕ್ತಿಗೆ ಧನ್ಯವಾದ’ ಎಂದು ಯಂತ್ರದ ಉತ್ತರ ಬಂತು. ಆಮೇಲೆ ಸದ್ದಿಲ್ಲ. ಆಸೆ ಇಟ್ಟುಕೊಳ್ಳದೆ ಬರೆಯಿರಿ.

ಮಾಟುಂಗಾದ ನಿವೃತ್ತ ಮೇಷ್ಟ್ರು

ಅನಿಮೆ ನನಗೆ ಗೊತ್ತಿಲ್ಲ, ಮೊಮ್ಮಗ ನೋಡುವಾಗ ಪಕ್ಕದಲ್ಲಿ ಕುಳಿತಿದ್ದೇನೆ. ಆದರೆ ಜಪಾನಿ ಬರುವ ಗೆಳತಿ ನಿಮ್ಮಲ್ಲಿದ್ದಾಳೆ ಎಂದು ಓದಿ ಬರೆಯುತ್ತಿದ್ದೇನೆ, ಮಗಳೇ. ಜಪಾನಿನ ಕಥೆಗಾರರಾದ ಅಕುತಾಗವ ರ್ಯೂನೊಸುಕೆ 1927ರಲ್ಲಿ, ಮಿಯಾಝಾವ ಕೆಂಜಿ 1933ರಲ್ಲಿ ತೀರಿಕೊಂಡರು. ಲೇಖಕ ತೀರಿಕೊಂಡು ಅರವತ್ತು ವರ್ಷ ಎಂಬ ನಮ್ಮ ಲೆಕ್ಕದಲ್ಲೂ, ಎಪ್ಪತ್ತು ವರ್ಷ ಎಂಬ ಜಪಾನಿನ ಈಗಿನ ಲೆಕ್ಕದಲ್ಲೂ ಅವರ ಕಥೆಗಳು ಎಲ್ಲರ ಸ್ವತ್ತು. ಮೂಲ ಪಾಠ ಅಂತರ್ಜಾಲದ ಅಓಝೊರ ಬುಂಕೊ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಅನುವಾದದಿಂದ ಮಾತ್ರ ಮಾಡಬೇಡಿ, ವಕೀಲರು ಹೇಳಿದ ಮೂರನೆಯ ಬಾಗಿಲು ಅಲ್ಲೂ ಇದೆ. ಕಿರುಪುಸ್ತಕ ಮಾಡಿ ಅದೇ ಮೇಳದಲ್ಲಿ ಇಡಿ, ಹಣ ತೆಗೆದುಕೊಳ್ಳಿ, ಯಾರೂ ಕೇಳುವಂತಿಲ್ಲ. ಮಾಹಿಮಿನ ಕರ್ನಾಟಕ ಸಂಘದಲ್ಲೋ ಇಲ್ಲಿಯ ಮೈಸೂರು ಅಸೋಸಿಯೇಷನ್ನಿನಲ್ಲೋ ಕಾರ್ಯಕ್ರಮವಿದ್ದ ದಿನ ತಂದರೆ ಮೊದಲ ಪ್ರತಿ ನನ್ನದು. ಕರಡು ತಿದ್ದುವುದಿದ್ದರೆ ಹೇಳಿ, ಕೆಂಪು ಪೆನ್ನು ಇನ್ನೂ ಒಣಗಿಲ್ಲ.

ಡೊಂಬಿವಲಿಯ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ನಾಲ್ವರೂ ಕೂತು ಓದಿದೆವು. ಮಾರುವುದು ಬೇಡ ಎಂದಾಯಿತು, ಒಬ್ಬಳಿಗೆ ಇನ್ನೂ ಮುನಿಸಿದೆ. ಮೇಷ್ಟ್ರೇ, ನಿಮಗೆ ಬೇರೆಯಾಗಿ ಬರೆಯುತ್ತೇನೆ. ವಕೀಲರಲ್ಲಿ ಎರಡು ಪ್ರಶ್ನೆ: ಬೆಲೆ ಇಡದೆ ದೇಣಿಗೆ ಡಬ್ಬಿ ಇಟ್ಟರೆ? ಎರಡು ಸರಣಿಗಳ ಕಡತ ಆಗಲೇ ಮಳಿಗೆಯವರ ಕೈಯಲ್ಲಿದೆ, ಅದಕ್ಕೇನು ಮಾಡುವುದು?

ಠಾಣೆಯ ವಕೀಲರು

ಡಬ್ಬಿಯ ಮೇಲೆ ದೇಣಿಗೆ ಎಂದು ಬರೆದರೂ ಹಣ ಹಾಕಿದವರ ಕೈಗೆ ಪೆನ್‌ಡ್ರೈವ್ ಕೊಡುತ್ತೀರಿ. ಅದನ್ನು ಮಾರಾಟವಲ್ಲ ಎಂದು ವಾದಿಸುವ ಧೈರ್ಯ ನನಗಿಲ್ಲ. ಎರಡನೆಯದಕ್ಕೆ ಇವತ್ತೇ ಕೈಹಾಕಿ. ‘ಕಡತಗಳನ್ನು ಮಾರಲು ನಮ್ಮ ಒಪ್ಪಿಗೆಯಿಲ್ಲ, ಅಳಿಸಿಹಾಕಿ, ಅಳಿಸಿದ್ದೇವೆಂದು ಬರೆದು ತಿಳಿಸಿ’ ಎಂದು ನಾಲ್ವರ ಹೆಸರಿನಲ್ಲಿ ಸಂದೇಶ ಕಳುಹಿಸಿ. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿರಬೇಕು. ಉತ್ತರ ಬಂದರೂ ಬಾರದಿದ್ದರೂ ಆ ಸಂದೇಶವನ್ನು ಅಳಿಸಬೇಡಿ. ಮುಂಗಡವಾಗಿ ಹಣವೇನಾದರೂ ಪಡೆದಿದ್ದರೆ ಬ್ಯಾಂಕ್ ಖಾತೆಯ ಮೂಲಕವೇ ಹಿಂದಿರುಗಿಸಿ, ಕೈಯಲ್ಲಿ ಕೊಡಬೇಡಿ.