ಸುರಕ್ಷತಾ ತರಬೇತಿ ಇಲ್ಲದವರನ್ನು ಸಾರವೆ ಹತ್ತಿಸಬಹುದೇ?

ಮಂಜುನಾಥ, ಸೈಟ್ ಎಂಜಿನಿಯರ್, ಹುಬ್ಬಳ್ಳಿ:
ಸುರಕ್ಷತಾ ತರಬೇತಿ ಪಡೆಯದ ಯಾರನ್ನೂ ಸಾರವೆ ಹತ್ತಿಸಬಾರದೆಂಬ ನಿಯಮವನ್ನು ಸಣ್ಣ ಕಾಮಗಾರಿಗಳಿಗೂ ಕಡ್ಡಾಯಗೊಳಿಸಬೇಕೆಂಬುದು ನನ್ನ ವಾದ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯು 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ ಸುರಕ್ಷತಾ ಅಧಿಕಾರಿ ಇರಬೇಕೆಂದಿತ್ತು. ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕುರಿತ 2020ರ ಕಾರ್ಮಿಕ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿದೆಯಾದರೂ, ನಾಲ್ಕಂತಸ್ತಿನ ಮನೆ ಕಟ್ಟುವ ಇಪ್ಪತ್ತು ಜನರ ತಂಡ ಇಂದಿಗೂ ಅದರ ಹೊರಗೇ ಉಳಿದಿದೆ.

ಶಿವಣ್ಣ, ಗುತ್ತಿಗೆದಾರ, ತುಮಕೂರು:
ಬಾರ್ ಬೆಂಡಿಂಗ್ ತಂಡ ಕಂಬಿ ಕಟ್ಟಿ ಮುಗಿಸಿದ ಮರುದಿನವೇ ಬೇರೆ ಕೆಲಸಕ್ಕೆ ಹೋಗುತ್ತದೆ. ತರಬೇತಿಯ ದಿನದ ಕೂಲಿ ಯಾರು ಕೊಡಬೇಕು? ಕೂಲಿ ಬಿಟ್ಟು ಪಾಠ ಕೇಳಲು ಯಾರೂ ಬರುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ.

ರೇಣುಕಾ, ಸುರಕ್ಷತಾ ಅಧಿಕಾರಿ, ಬೆಂಗಳೂರು:
ಶಿವಣ್ಣನವರೇ, ತರಬೇತಿಯೂ ಕೆಲಸವೇ ಆದ್ದರಿಂದ ಕೂಲಿ ಕೊಡಲೇಬೇಕು. ಕಟ್ಟಡದ ವೆಚ್ಚದ ಶೇಕಡ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸಲ್ಲುತ್ತದೆ. ಸಣ್ಣ ಕಾಮಗಾರಿಗಳ ತರಬೇತಿಗೆ ಅದರಿಂದ ನೆರವು ಕೇಳುವುದು ನ್ಯಾಯ. ನನ್ನ ಚಿಂತೆ ಬೇರೆ. ಯಾದಗಿರಿಯಿಂದ ಗುಳೆ ಬಂದವರು, ಬಿಹಾರ, ಒಡಿಶಾದವರು ಒಟ್ಟಿಗೆ ಕುಳಿತ ಕಡೆ ಇಂಗ್ಲಿಷ್ ಸ್ಲೈಡ್ ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ತರಬೇತಿ ಎನ್ನಲಾಗದು. ಬೆಲ್ಟ್ ಹಾಕಿಕೊಳ್ಳಿ ಎಂದಷ್ಟೇ ಹೇಳಿದರೆ ಕಾರ್ಮಿಕ ಅದರ ಕೊಕ್ಕೆಯನ್ನು ತಾನು ನಿಂತ ಸಾರವೆಯ ಅಡ್ಡಗಳುವಿಗೇ ಸಿಕ್ಕಿಸುತ್ತಾನೆ. ಸಾರವೆ ಕುಸಿದರೆ ಅವನೂ ಅದರೊಂದಿಗೇ ಬೀಳುತ್ತಾನೆ. ಕೊಕ್ಕೆಯನ್ನು ತಲೆಗಿಂತ ಮೇಲೆ, ಗಟ್ಟಿಯಾದ ಕಾಲಂ ಅಥವಾ ಬೀಮಿಗೆ ಬಿಗಿದ ಲೈಫ್‌ಲೈನಿಗೆ, ಅಂದರೆ ಸುರಕ್ಷತಾ ಹಗ್ಗಕ್ಕೆ, ಹಾಕುವುದನ್ನು ಅವನ ಕೈಯಿಂದಲೇ ಮಾಡಿಸಬೇಕು. ಹತ್ತು ನಿಮಿಷ ಸಾಕು, ಆದರೆ ಪ್ರತಿ ಬೆಳಿಗ್ಗೆ ಆಗಬೇಕು.

ನಾಗರಾಜ, ಧಾರವಾಡ:
ತರಬೇತಿಯ ಮೇಲೆ ಇಷ್ಟು ಭಾರ ಹೊರಿಸುವುದು ಸರಿಯಲ್ಲ. 2019ರಲ್ಲಿ ನಮ್ಮ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡವೇ ಕುಸಿದಾಗ, ಒಳಗಿದ್ದವರು ಏನು ಕಲಿತಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಪಾಯದ ಗುಂಡಿಯ ಕಥೆಯೂ ಅದೇ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಪಕ್ಕದ ಮಣ್ಣಿಗೆ ಆಸರೆ ಕೊಡದೆ ಕೆಳಗಿಳಿಸಿದವನಿಗೆ ಹೆಲ್ಮೆಟ್ ಪಾಠ ಹೇಳಿ ಫಲವೇನು? ಅಪಘಾತವಾದ ಮೇಲೆ ಅದೇ ಹೆಬ್ಬೆಟ್ಟಿನ ಗುರುತು ಮಾಲೀಕರ ರಕ್ಷಣೆಗೆ ನಿಲ್ಲುವುದನ್ನು ನೆನೆದರೆ ಸಂಕಟವಾಗುತ್ತದೆ.

ರೇಣುಕಾ:
ಆದ್ದರಿಂದಲೇ ಮೊದಲ ತರಬೇತಿ ಮೇಸ್ತ್ರಿಗೂ ಎಂಜಿನಿಯರಿಗೂ ಆಗಬೇಕು. ಆಸರೆಯಿಲ್ಲದ ಗುಂಡಿಗೆ ಇಳಿಯಲಾರೆ ಎಂದವನ ಆ ದಿನದ ಕೂಲಿ ಮುರಿಯುವಂತಿಲ್ಲ ಎಂದು ಗುತ್ತಿಗೆ ಪತ್ರದಲ್ಲೇ ಬರೆಯಬೇಕು.

ಶಿವಣ್ಣ:
ಆ ಷರತ್ತಿಗೆ ನನ್ನ ಒಪ್ಪಿಗೆಯಿದೆ. ಆದರೆ ಮನೆ ಮಾಲೀಕರೊಂದಿಗೆ ನಾನು ಮಾಡಿಕೊಳ್ಳುವ ಪತ್ರದಲ್ಲೂ ಅದು ಇರಬೇಕು; ತಡವಾದ ದಿನಗಳಿಗೆ ಅವರು ನನ್ನ ಬಿಲ್ಲಿನಲ್ಲಿ ಹಣ ಮುರಿದುಕೊಂಡರೆ, ಆ ಒತ್ತಡ ಗುಂಡಿಯಲ್ಲಿರುವವನ ಮೇಲೆಯೇ ಬೀಳುತ್ತದೆ.