ಗುರುವಾಗುವ ಕರೆ ಇದೆ ಅನ್ನಿಸುತ್ತೆ, ಆದರೆ ಭಯ, ತೊದಲು, ಸಾಲ: ಗುರುಮಠಕ್ಕೆ (ಸೆಮಿನರಿಗೆ) ಅರ್ಜಿ ಹಾಕಬಹುದಾ?

ಉಪದೇಶಿ_ಹಾಸನ:
ನಮ್ಮ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಹುಡುಗನೊಬ್ಬನ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 23, ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ. ಗುರುವಾಗುವ, ಅಂದರೆ ಪಾದ್ರಿಯಾಗುವ, ಆಸೆ ಹಳೆಯದು. ಆದರೆ ಮಾತು ತೊದಲುತ್ತದೆ, ಬಲಿಪೂಜೆಯಲ್ಲಿ (ಚರ್ಚಿನ ಪೂಜೆ) ಪ್ರಬೋಧನೆ ಕೊಡುವುದನ್ನು ನೆನೆದರೇ ಬೆವರುತ್ತಾನೆ. ಶಿಕ್ಷಣ ಸಾಲ ತೀರಿಲ್ಲ. ಮೇಲಾಗಿ ‘ನಾನು ಯೋಗ್ಯನಲ್ಲ’ ಅನ್ನುವ ಕೊರಗು. ದೇವರು ಒಂದು ಗುರುತು ಕೊಡಲಿ, ಆಮೇಲೆ ಹೋಗ್ತೀನಿ ಅಂತ ಕಾಯುತ್ತಿದ್ದಾನೆ. ಧೈರ್ಯದ ಮಾತು ಬೇಡ, ಅದನ್ನು ನಾನೇ ಹೇಳಿ ಸಾಕಾಗಿದೆ. ಇದರಲ್ಲಿ ನಿಜವಾದ ಅಡ್ಡಿ ಯಾವುದು, ಮೊದಲು ಮಾಡಬೇಕಾದ್ದೇನು?

ಗುರುಮಠದ_ಮೇಷ್ಟ್ರು:
ಗುರುತು ಕೇಳುವವರೆಲ್ಲ ಬೈಬಲಿನ ಗಿದ್ಯೋನನ ಉಣ್ಣೆಯನ್ನು ಹಿಡಿದುಕೊಳ್ಳುತ್ತಾರೆ: ರಾತ್ರಿ ಹೊರಗಿಟ್ಟ ಉಣ್ಣೆ ಮಾತ್ರ ಇಬ್ಬನಿಯಲ್ಲಿ ಒದ್ದೆಯಾಗಲಿ ಎಂದು ಅವನು ದೇವರಲ್ಲಿ ಗುರುತು ಕೇಳಿದ್ದ. ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ 6ನೇ ಅಧ್ಯಾಯವನ್ನು ಪೂರ್ತಿ ಓದಿಸಿ. ಉಣ್ಣೆ ಬರುವುದು ಕೊನೆಯಲ್ಲಿ. ಕರೆ, ಅಭಯ ಎರಡೂ ಅದಕ್ಕೆ ಮೊದಲೇ ಸಿಕ್ಕಿವೆ. ಒಂದು ರಾತ್ರಿ ಉಣ್ಣೆ ಒದ್ದೆಯಾದದ್ದು ಸಾಲದೆ ಮರುದಿನ ಒಣಗಿರಲಿ ಅಂದ. ಗುರುತಿಗೆ ಕಾಯುವವರ ಪಾಡು ಹೀಗೇ, ಒಂದಾದ ಮೇಲೆ ಇನ್ನೊಂದು ಬೇಕಾಗುತ್ತದೆ.

ತೊದಲಿಗೆ ಬೈಬಲಿನ ವಿಮೋಚನಕಾಂಡ 4ನೇ ಅಧ್ಯಾಯ ನೋಡಿ. ನಾನು ಮಾತುಗಾರನಲ್ಲ ಎಂದು ಮೋಶೆ ಹೇಳಿದಾಗ ದೇವರು ನಾಲಿಗೆ ಸರಿಮಾಡಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ‘ಬೇರೆ ಯಾರನ್ನಾದರೂ ಕಳಿಸು’ ಅಂದ ಮೇಲೆಯೇ ಕೋಪ ಬಂದದ್ದು, ಆಗಲೂ ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟ.

ಹುಡುಗನ ದೊಡ್ಡ ತಪ್ಪು ತಿಳಿವಳಿಕೆ ಏನೆಂದರೆ, ಜೀವಮಾನದ ತೀರ್ಮಾನವನ್ನು ಈಗಲೇ ಕೊಡಬೇಕು ಅಂದುಕೊಂಡಿರುವುದು. ಅರ್ಜಿ ಹಾಕುವುದೆಂದರೆ ‘ಪರೀಕ್ಷಿಸಿ ನೋಡಿ’ ಎಂದು ಕೇಳುವುದು, ಅಷ್ಟೆ. ಪೂರ್ವಸಿದ್ಧತೆಗೆ ಒಂದೆರಡು ವರ್ಷ, ತತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಕನಿಷ್ಠ 6 ಪೂರ್ಣ ವರ್ಷ, ನಮ್ಮಲ್ಲಿ ಸಾಮಾನ್ಯವಾಗಿ ನಡುವೆ ಒಂದು ವರ್ಷ ಧರ್ಮಕೇಂದ್ರದಲ್ಲೋ ಶಾಲೆಯಲ್ಲೋ ಸೇವೆ. ಬ್ರಹ್ಮಚರ್ಯದ ಬದ್ಧತೆ ಬೀಳುವುದು ಗುರುದೀಕ್ಷೆಗೆ ಹಿಂದಿನ ಹಂತವಾದ ಸೇವಾದರ್ಶಿ (ಡೀಕನ್) ದೀಕ್ಷೆಯಲ್ಲಿ, ಅಲ್ಲಿಂದ ಗುರುದೀಕ್ಷೆಗೆ ಕನಿಷ್ಠ 6 ತಿಂಗಳ ಅಂತರ. ಗುರುದೀಕ್ಷೆಗೆ 25 ತುಂಬಿರಬೇಕು. ಇವನು ಹೇಗೂ ಮೂವತ್ತು ದಾಟಿರುತ್ತಾನೆ. ಸ್ವಇಚ್ಛೆಯಿಂದ ದೀಕ್ಷೆ ಪಡೆಯುತ್ತಿದ್ದೇನೆ ಎಂದು ತನ್ನ ಕೈಯಲ್ಲೇ ಬರೆದು ಸಹಿ ಹಾಕಿ ಕೊಡಬೇಕು. ಬಲವಂತ ಮಾಡುವುದನ್ನು ಧರ್ಮಸಭೆಯ ಕಾನೂನು ಸಂಖ್ಯೆ 1026 ನಿಷೇಧಿಸುತ್ತದೆ. ಮನೆಯವರ ಹರಕೆಗಾಗಿ ಬಂದ ಹುಡುಗರಿಗೆ ಈ ಸಾಲನ್ನು ಓದಿ ಹೇಳಬೇಕಾಗುತ್ತದೆ.

ಮೌನಧ್ಯಾನ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಅರ್ಜಿಗೆ ಮೊದಲು ಭಯವನ್ನು ವಿಂಗಡಿಸಬೇಕು. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಕೊಟ್ಟ ದಾರಿ ಇಲ್ಲಿ ಒದಗುತ್ತದೆ. ದಿನಕ್ಕೆ ಎರಡು ಸಲ, ಮಧ್ಯಾಹ್ನ ಮತ್ತು ರಾತ್ರಿ, ಹತ್ತು ಹದಿನೈದು ನಿಮಿಷ ಆತ್ಮಪರಿಶೋಧನೆ. ನೋಟ್‌ಬುಕ್ಕಿನಲ್ಲಿ ಎರಡೇ ವಿಷಯ: ಇವತ್ತು ಕರೆಯ ಯೋಚನೆ ಯಾವಾಗ ಬಂತು, ಅದು ಹೋದ ಮೇಲೆ ಮನಸ್ಸು ಹೇಗಿತ್ತು. ಆ ಕ್ಷಣದ ಉತ್ಸಾಹಕ್ಕಿಂತ ಆಮೇಲೆ ಉಳಿಯುವುದು ಮುಖ್ಯ. ಹೆದರಿಕೆಯಿದ್ದೂ ಒಳಗೆ ಸಮಾಧಾನ ಉಳಿದರೆ ಒಂದು ಲೆಕ್ಕ, ಹುಮ್ಮಸ್ಸು ಇಳಿದೊಡನೆ ಬರಿದಾದರೆ ಇನ್ನೊಂದು.

ಮನಸ್ಸು ಒಣಗಿ ಕತ್ತಲೆ ಕವಿದ ದಿನಗಳಲ್ಲಿ ಹಿಂದಿನ ನಿರ್ಧಾರ ಬದಲಿಸಬಾರದು. ಜನ ಕೆಡುವುದು ಇಲ್ಲೇ: ಬೇಸರದ ವಾರದಲ್ಲಿ ‘ಬೇಡ’ ಅಂತ ಬರೆದು ಕಳಿಸುತ್ತಾರೆ. ಭಯವನ್ನು ಗುಟ್ಟಾಗಿಡುವುದು ಇನ್ನೊಂದು ಎಡವಟ್ಟು. ಪಾಪನಿವೇದನೆ ಕೇಳುವ ಗುರುಗಳಿಗೋ ಆಧ್ಯಾತ್ಮಿಕ ಮಾರ್ಗದರ್ಶಿಗೋ ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಇಗ್ನೇಷಿಯಸರ ಕ್ರಮದ 30 ದಿನದ ಧ್ಯಾನಕೂಟಕ್ಕೆ ಮಾತ್ರ ಈಗಲೇ ಕಳಿಸಬೇಡಿ, ಹೊಸಬರಿಗೆ ಅದು ಭಾರ. ಕರೆಯ ಬಗ್ಗೆ ಯೋಚಿಸುತ್ತಿರುವವರಿಗೆ ನಡೆಸುವ ಎರಡು ಮೂರು ದಿನದ ‘ಬಂದು ನೋಡಿ’ ಶಿಬಿರ ಸಾಕು.

ಕಡತ_ಗುಮಾಸ್ತ:
ಸಾಲದ ಬಗ್ಗೆ ಯಾರೂ ಹೇಳಲಿಲ್ಲ. ಇರುವುದರಲ್ಲಿ ಗಟ್ಟಿಯಾದ ಅಡ್ಡಿ ಅದೇ. ಧಾರ್ಮಿಕ ಸಭೆಗೆ (ಯೇಸುಸಭೆ, ಕಪುಚಿನ್ ಮುಂತಾದವು) ಸೇರುವುದಾದರೆ, ತೀರಿಸಲಾಗದ ಸಾಲ ಇರುವವರನ್ನು ನವಶಿಷ್ಯರಾಗಿ (ನೋವಿಸ್) ತೆಗೆದುಕೊಳ್ಳಬಾರದು ಎಂದು ಧರ್ಮಸಭೆಯ ಕಾನೂನು ಸಂಖ್ಯೆ 644 ಹೇಳುತ್ತದೆ. ಧರ್ಮಪ್ರಾಂತ್ಯದ (ಬಿಷಪರ ಆಡಳಿತ ಪ್ರದೇಶ) ಗುರುಮಠಕ್ಕಾದರೂ ಸಾಲವನ್ನು ಮುಚ್ಚಿಡಬೇಡಿ. ಕಂತು ನಿಂತರೆ ಬ್ಯಾಂಕಿನವರು ಜಾಮೀನುದಾರರನ್ನು, ಅಂದರೆ ಸಾಮಾನ್ಯವಾಗಿ ಅಪ್ಪ ಅಮ್ಮನನ್ನು, ಹಿಡಿಯುತ್ತಾರೆ. ಕೆಲಸದಲ್ಲಿದ್ದಾನಲ್ಲ, ತೀರಿಸಿಯೇ ಹೊರಡಲಿ. ಕರೆ ನಿಜವಾದರೆ ಅಷ್ಟು ದಿನ ಬಾಳುತ್ತದೆ.

ಅಲ್ಲಿಯವರೆಗೆ ಕಾಗದ ಜೋಡಿಸಿ: ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮತ್ತು ದೃಢೀಕರಣ ಸಂಸ್ಕಾರದ (ಕನ್ಫರ್ಮೇಶನ್) ಪತ್ರ, ತಂದೆತಾಯಿಯ ಚರ್ಚ್ ವಿವಾಹಪತ್ರ, ಅಂಕಪಟ್ಟಿ, ವೈದ್ಯಕೀಯ ವರದಿ, ವಿಚಾರಣಾ ಗುರುಗಳ (ಧರ್ಮಕೇಂದ್ರ ನೋಡಿಕೊಳ್ಳುವ ಫಾದರ್) ಶಿಫಾರಸು ಪತ್ರ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು ಇರುವುದು ಮಾಮೂಲು, ಈಗಲೇ ನೋಡಿಬಿಡಿ.

ಹಾಡುಪೂಜೆ:
ತೊದಲು ದೀಕ್ಷೆಗೆ ಅಡ್ಡಿಯಾಗುವ ದೋಷಗಳ ಪಟ್ಟಿಯಲ್ಲಿ (ಸಂಖ್ಯೆ 1041) ಇಲ್ಲ. ಹಾಡುವಾಗ, ಎಲ್ಲರ ಜೊತೆ ಒಟ್ಟಿಗೆ ಓದುವಾಗ ತೊದಲು ಬಹಳ ಮಂದಿಗೆ ಕಮ್ಮಿಯಾಗುತ್ತದೆ. ಹಾಗಾಗಿ ಮೊದಲು ಕೀರ್ತನೆಯ ಪ್ರತ್ಯುತ್ತರ ಹಾಡಿಸಿ, ಆಮೇಲೆ ವಾರದ ದಿನದ ಪೂಜೆಯಲ್ಲಿ ಬೈಬಲ್ ವಾಚನ, ಭಾನುವಾರದ್ದು ಕೊನೆಗೆ. ಶನಿವಾರ ರಾತ್ರಿ ಹಾಳೆ ಕೊಟ್ಟು ನಾಳೆ ಓದು ಅನ್ನಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಹಾಸನದಿಂದ ದೂರವಲ್ಲ. ತೊದಲಿಗೆ ಅಲ್ಲಿ ಚಿಕಿತ್ಸೆ ಕೊಡುತ್ತಾರೆ.

ಉಪದೇಶಿ_ಹಾಸನ:
ಉಪಯೋಗವಾಯ್ತು. ಮನಃಶಾಸ್ತ್ರಜ್ಞರ ಪರೀಕ್ಷೆ ಇರುತ್ತದಂತೆ, ಅದಕ್ಕೂ ಹೆದರಿದ್ದಾನೆ. ‘ಯೋಗ್ಯನಲ್ಲ’ ಅನ್ನುವುದು ಅಲ್ಲೇ ಬಯಲಾಗುತ್ತದೆ ಅಂತಾನೆ.

ಗುರುಮಠದ_ಮೇಷ್ಟ್ರು:
ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ. ಯೋಗ್ಯತೆ ಬಗ್ಗೆ ಕೇಳಿದರೆ ಎಲ್ಲರೂ ಫ್ರಾನ್ಸಿನ ಗುರು ಸಂತ ಜಾನ್ ವಿಯಾನ್ನಿಯ ಹೆಸರು ಹೇಳುತ್ತಾರೆ, ಲ್ಯಾಟಿನ್ ಬಾರದೆ ಪರೀಕ್ಷೆಯಲ್ಲಿ ಸೋತರೂ 1815ರಲ್ಲಿ ಗುರುದೀಕ್ಷೆ ಪಡೆದರು ಅಂತ. ಆದರೆ ಎಕ್ಯುಲಿ ಊರಿನ ಧರ್ಮಕೇಂದ್ರದ ಗುರು ಬಾಲೆ ಎಂಬವರು ವಿಯಾನ್ನಿಯನ್ನು ಜೊತೆಗಿಟ್ಟುಕೊಂಡು ಪಾಠ ಹೇಳಿದ್ದನ್ನು, ಮೇಲಿನವರ ಮುಂದೆ ವಿಯಾನ್ನಿಯ ಪರ ವಾದಿಸಿದ್ದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಹುಡುಗನಿಗೆ ಅಂಥ ಒಬ್ಬರನ್ನು ಈ ತಿಂಗಳೇ ಹುಡುಕಿಕೊಡಿ. ವಿಚಾರಣಾ ಗುರುಗಳಿಗೆ ಪುರುಸೊತ್ತಿಲ್ಲದಿದ್ದರೆ ಧರ್ಮಪ್ರಾಂತ್ಯದಲ್ಲಿ ದೈವಕರೆಯ ವಿಭಾಗ ನೋಡಿಕೊಳ್ಳುವ ಫಾದರ್ ಇರುತ್ತಾರೆ, ಮೊದಲ ಫೋನ್ ಅವರಿಗೆ.