ಸಹಾಯ ಬೇಕು: ಎನ್‌ಜಿಂಕ್ಸ್ ಹಳೇ ಐಪಿಯನ್ನೇ ಹಿಡಿದುಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಒಂದು ಸಣ್ಣ ಸೈಟ್ ನಡೆಸುತ್ತಿದ್ದೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲದರ ದಿನದ ಧಾರಣೆ ಅದರಲ್ಲಿ ಬರುತ್ತದೆ. ಮುಂದೆ ಬಾಡಿಗೆ ಸರ್ವರ್‌ನಲ್ಲಿ ಎನ್‌ಜಿಂಕ್ಸ್ ರಿವರ್ಸ್ ಪ್ರಾಕ್ಸಿ (ಬಂದ ಕೋರಿಕೆಯನ್ನು ಹಿಂದಿನ ಕಂಪ್ಯೂಟರ್‌ಗೆ ದಾಟಿಸುವ ತಂತ್ರಾಂಶ), ಹಿಂದೆ ಮನೆಯಲ್ಲಿರುವ ಕಂಪ್ಯೂಟರ್. ಆ ಮನೆ ಕಂಪ್ಯೂಟರ್‌ಗೆ ಡೈನಮಿಕ್ ಡಿಎನ್‌ಎಸ್ ಹೆಸರಿದೆ, ಅಂದರೆ ಐಪಿ (ಇಂಟರ್‌ನೆಟ್ ವಿಳಾಸ) ಬದಲಾದರೂ ಹೆಸರು ಹೊಸ ಐಪಿಯನ್ನೇ ತೋರಿಸುತ್ತದೆ.

ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್‌ಗೆ ಹೊಸ ಐಪಿ. ಹೆಸರಿನ ಐಪಿ ತೋರಿಸುವ ಡಿಗ್ ಕಮಾಂಡ್ ಕೊಟ್ಟರೆ ಹೊಸದೇ ಕಾಣುತ್ತದೆ. ಎನ್‌ಜಿಂಕ್ಸ್ ಮಾತ್ರ ಹಳೇ ಐಪಿಗೇ ಹೋಗಿ 504 (ಹಿಂದಿನ ಸರ್ವರ್‌ನಿಂದ ಸಮಯಕ್ಕೆ ಉತ್ತರ ಬರಲಿಲ್ಲ ಎಂಬ ದೋಷ) ಕೊಡುತ್ತದೆ. ರೀಲೋಡ್ ಮಾಡಿದ ಕೂಡಲೇ ಸರಿ. ಕೋರಿಕೆ ಎಲ್ಲಿಗೆ ಕಳಿಸಬೇಕೆಂದು ಹೇಳುವ ಪ್ರಾಕ್ಸಿ ಪಾಸ್ ಸಾಲಿನಲ್ಲಿ ಹೆಸರನ್ನು ನೇರವಾಗಿ ಬರೆದರೆ ಶುರುವಾಗುವಾಗ ಒಂದೇ ಸಲ ಐಪಿ ಹುಡುಕುವುದೇ ಇದಕ್ಕೆ ಕಾರಣ.

ಅದಕ್ಕೆ ಹೆಸರನ್ನು ವೇರಿಯೇಬಲ್‌ಗೆ ಹಾಕಿ, ರಿಸಾಲ್ವರ್ (ಹೆಸರಿನ ಐಪಿ ಕೇಳಬೇಕಾದ ಡಿಎನ್‌ಎಸ್ ಸರ್ವರ್) 1.1.1.1, ವ್ಯಾಲಿಡ್ (ಸಿಕ್ಕ ಉತ್ತರ ನೆನಪಿಡುವ ಅವಧಿ) 30 ಸೆಕೆಂಡ್ ಅಂತ ಕೊಟ್ಟೆ. ಆ ತೊಂದರೆ ಹೋಯಿತು. ಆದರೆ ಫೋಟೋಗಳಿರುವ ಇನ್ನೊಂದು ಸರ್ವರ್‌ನ ಹೆಸರು ಹೋಸ್ಟ್ಸ್ ಫೈಲ್‌ನಲ್ಲಿ (ಸರ್ವರ್‌ನಲ್ಲೇ ಇರುವ ಹೆಸರು-ಐಪಿ ಪಟ್ಟಿ) ಮಾತ್ರ ಇದೆ. ಅದನ್ನೂ ವೇರಿಯೇಬಲ್ ಮಾಡಿದ್ದರಿಂದ ಈಗ ಲಾಗ್ ತುಂಬಾ 'ಹೋಸ್ಟ್ ನಾಟ್ ಫೌಂಡ್'. ರಿಸಾಲ್ವರ್ ಆ ಫೈಲನ್ನು ನೋಡುವುದೇ ಇಲ್ಲ.

ಎನ್‌ಜಿಂಕ್ಸ್ ಇರುವ ಸರ್ವರ್‌ನಲ್ಲೇ ಡಿಎನ್‌ಎಸ್‌ಮಾಸ್ಕ್ (ಹೋಸ್ಟ್ಸ್ ಫೈಲನ್ನೂ ಓದುವ ಸಣ್ಣ ಡಿಎನ್‌ಎಸ್ ಸರ್ವರ್) ಹಾಕಿ, ರಿಸಾಲ್ವರ್‌ಗೆ 127.0.0.1 ಕೊಡುವುದು ಒಳ್ಳೆಯದಾ? ಅಥವಾ ಲಿನಕ್ಸ್‌ನ ಸಿಸ್ಟಮ್‌ಡಿ ಜೊತೆ ಬರುವ ರಿಸಾಲ್ವರ್ 127.0.0.53 ಸಾಕಾ? ಎನ್‌ಜಿಂಕ್ಸ್ 1.27.3ರಿಂದ ಅಪ್‌ಸ್ಟ್ರೀಮ್‌ನಲ್ಲೇ (ಕಾನ್ಫಿಗ್‌ನಲ್ಲಿ ಹಿಂದಿನ ಸರ್ವರ್‌ಗಳನ್ನು ಬರೆಯುವ ಭಾಗ) ರಿಸಾಲ್ವ್ ಅಂತ ಕೊಡುವ ಸೌಲಭ್ಯ ಉಚಿತ ಆವೃತ್ತಿಗೂ ಬಂದಿದೆ. ಅದನ್ನು ಬಳಸಿದವರಿದ್ದರೆ ದಯವಿಟ್ಟು ಅನುಭವ ಹೇಳಿ. ನನಗೆ ಅದೇ ಜಾಸ್ತಿ ಸರಿ ಅನಿಸುತ್ತಿದೆ, ಆದರೆ ನಡೆಯುತ್ತಿರುವ ಸೈಟ್‌ನಲ್ಲಿ ಸುಮ್ನೆ ಅಪ್‌ಗ್ರೇಡ್ ಮಾಡಲು ಭಯ. ಕೊಯ್ಲು ಶುರುವಾದರೆ ಜನ ಬೆಳಿಗ್ಗೆಯಿಂದಲೇ ರೇಟು ನೋಡುತ್ತಾರೆ, ಅಷ್ಟರೊಳಗೆ ಸರಿಮಾಡಬೇಕು. ಕಾನ್ಫಿಗ್ ಬೇಕಿದ್ದರೆ ಕೆಳಗೆ ಹಾಕುತ್ತೇನೆ.